ನಳ ಹಚ್ಚಿದ ಏಳು ತಾಮ್ರದ ಕೊಡ

ಕೊಡವೊಂದಕ್ಕೆ ಇನ್ನೂರು ರೂಪಾಯಿ. ನಾನು ಉಳಿಸಿದ್ದು ಇಷ್ಟೇ. ಏಳು ಹಳೆಯ ತಾಮ್ರದ ಕೊಡಗಳಿಗೆ ನಳ ಹಚ್ಚಿಸುವಾಗ ಬೆಸುಗೆಯ ಮೇಲೆ ಚೌಕಾಸಿ ಮಾಡಿ ಉಳಿಸಿದೆ. ಅದೇ ಖುಷಿಯಲ್ಲಿ ಆ ದಿನ ಭಟ್ಕಳ ಪೇಟೆಯಲ್ಲಿ ಮೊಮ್ಮಗಳಿಗೊಂದು ಫ್ರಾಕು, ನನಗೂ ಮಗಳಿಗೂ ಮಲ್ಲಿಗೆ ಕೊಂಡು ಹೊನ್ನಾವರದ ಬಸ್ಸು ಹತ್ತಿದೆ. ಅದಕ್ಕೆ ತೆತ್ತದ್ದು ಏನೆಂದು ಕೇಳಿದರೆ, ಮೊಮ್ಮಗಳ ಆರೋಗ್ಯದ ಒಂದು ವರ್ಷ, ಅಳಿಯನ ಮರ್ಯಾದೆ, ಮತ್ತು ಇವತ್ತಿಗೂ ಯಾರ ಮನೆಯ ಅಡುಗೆಕಟ್ಟೆಯ ಮೇಲೆ ಕೂತಿದೆಯೆಂದು ಗೊತ್ತಿಲ್ಲದ ಒಂದು ಕೊಡ.

ನನ್ನದು ಹಳೆ ಪಾತ್ರೆಯ ವ್ಯಾಪಾರ. ಗಂಡ ತೀರಿಕೊಂಡ ಮೇಲೆ ತಲೆಯ ಮೇಲೆ ಬುಟ್ಟಿ ಹೊತ್ತು ಶುರು ಮಾಡಿದೆ. ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಹರಕು ತಪ್ಪಲೆ ತರುತ್ತಿದ್ದವಳು ಹೊನ್ನಾವರ ಬಸ್ ಸ್ಟ್ಯಾಂಡಿನ ಹತ್ತಿರ ಸ್ವಂತ ಅಂಗಡಿ ಹಾಕಿದೆ. ಭಟ್ಕಳ, ಜಾಲಿಯ ಕಡೆ ಹಳೆ ಮನೆ ಕೆಡವಿ ಹೊಸದು ಕಟ್ಟುವವರು ಅಟ್ಟದ ಸಾಮಾನು ಮಾರುವಾಗ ಮೊದಲು ನನಗೇ ಹೇಳಿ ಕಳಿಸುತ್ತಾರೆ. ಕನ್ನಡದಲ್ಲಿ ಕೇಳಿದ ದರ ಇಳಿಯದಿದ್ದರೆ ಕೊಂಕಣಿಯಲ್ಲಿ ಕೇಳುತ್ತೇನೆ, ಅದರಲ್ಲೂ ಇಳಿಯದಿದ್ದರೆ ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತೇನೆ. ಗೇಟು ದಾಟುವುದರೊಳಗೆ ಕರೆ ಬರುತ್ತದೆ. ಮೊದಲು ಹೇಳಿದ ದರಕ್ಕೆ ನಾನು ಒಂದು ಸೌಟನ್ನೂ ಕೊಂಡವಳಲ್ಲ. ಈ ಮಾತನ್ನು ಹೆಮ್ಮೆಯಿಂದ ಎಷ್ಟು ಜನರಿಗೆ ಹೇಳಿದ್ದೇನೋ!

ಕೆಲವು ವರ್ಷಗಳಿಂದ ತಾಮ್ರದ ಪಾತ್ರೆಯಲ್ಲಿ ರಾತ್ರಿಯಿಡೀ ಇಟ್ಟ ನೀರನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯುವುದು ಎಲ್ಲ ಕಡೆ ಬಂದಿದೆ. ಪೇಟೆಯಲ್ಲಿ ನಳ ಇರುವ ಹೊಸ ತಾಮ್ರದ ಪಾತ್ರೆಗೆ ಬಾಯಿಗೆ ಬಂದ ಬೆಲೆ. ನನ್ನ ಅಂಗಡಿಯ ಮೂಲೆಯಲ್ಲೋ, ದಪ್ಪ ತಾಮ್ರದ ಏಳು ಕೊಡಗಳು ಧೂಳು ಹಿಡಿದು ಕೂತಿದ್ದವು. ಕೆಳಗೆ ಒಂದು ತೂತು ಕೊರೆಸಿ ಹಿತ್ತಾಳೆ ನಳ ಹಚ್ಚಿಸಿದರೆ ಆಯಿತಲ್ಲ ಅನ್ನಿಸಿತು. ಏಳನ್ನೂ ಪಾತ್ರೆಗೆ ತವರ ಬಳಿಯುವ ಭಟ್ಕಳದ ಕಲಾಯಿ ಚಾಚಾನ ಹತ್ತಿರ ಒಯ್ದೆ.

ಚಾಚಾ ಎಂದರೆ ಈ ಮೂರು ತಾಲೂಕಿನಲ್ಲಿ ಉಳಿದಿರುವ ಬೆರಳೆಣಿಕೆಯ ಕಲಾಯಿಯವರಲ್ಲಿ ಒಬ್ಬರು. ಎಪ್ಪತ್ತು ದಾಟಿದ ಜೀವ, ಮಾತು ಕಡಿಮೆ. ಇದ್ದಿಲು ಒಲೆಯ ಪಕ್ಕ ಎರಡು ಬೆಸುಗೆ ಕಡ್ಡಿಗಳನ್ನು ನನ್ನ ಮುಂದೆ ಇಟ್ಟರು. ಒಂದು ಬೆಳ್ಳಗೆ ಹೊಳೆಯುತ್ತಿತ್ತು, ಇನ್ನೊಂದು ಮಾಸಲು ಬೂದು.

“ಅಕ್ಕಾ, ಇದು ಖರೆ ತವರ. ಇದು ಸೀಸ ಕೂಡಿಸಿದ್ದು. ಕುಡಿಯು ನೀರಿಗೆ ಖರೆ ತವರನೇ ಹಾಕ್ಬೇಕು. ಒಂದು ಕೊಡಕ್ಕೆ ನಾನೂರೈವತ್ತು ಬೀಳ್ತದೆ.”

“ಚಾಚಾ, ನನಗೆ ಕತೆ ಹೇಳ್ಬೇಡಿ. ಇನ್ನೂರೈವತ್ತು.”

“ಇನ್ನೂರೈವತ್ತಕ್ಕೆ ಸೀಸದ್ದೇ ಬರುದು.”

“ಬರ್ಲಿ ಮಾರಾಯ್ರೆ. ನೀರಿಗೆ ಎಂತ ಹುಳಿ ಹಿಂಡ್ತಾರಾ? ಸಾರು ಕುದಿಸ್ತಾರಾ? ತಣ್ಣಗೆ ನಿಂತಿರು ನೀರು. ಸೋರದೆ ಇದ್ರೆ ಆತು.”

ಚಾಚಾ, “ನಿಮ್ಮ ಹತ್ರ ಮಾತಲ್ಲಿ ಗೆದ್ದವ್ರು ಭಟ್ಕಳದಲ್ಲಿ ಇನ್ನೂ ಹುಟ್ಲಿಲ್ಲ ಅಕ್ಕಾ” ಎಂದು ಬೂದು ಕಡ್ಡಿಯನ್ನು ಎತ್ತಿಕೊಂಡರು. ನಾನು ನಕ್ಕೆ.

ಇಲ್ಲಿ ನನ್ನ ತಪ್ಪನ್ನು ಬಿಡಿಸಿ ಹೇಳಬೇಕು. ಹುಳಿ ಹಾಕುವ ಪಾತ್ರೆಗೆ ಒಳ್ಳೆಯ ಕಲಾಯಿ ಬೇಕು ಎಂಬುದು ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತು. ಮೀನು ಸಾರಿನ ಪಾತ್ರೆಯ ಕಲಾಯಿ ಹೋದರೆ ಅದರಲ್ಲಿ ಅಡುಗೆ ಮಾಡುವುದಿಲ್ಲ. ಆದರೆ ನೀರಿನ ಕೊಡವನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆಯೇ ಹೊರತು ನೀರೇ ಲೋಹವನ್ನು ತಿನ್ನುತ್ತದೆಂದು ಯಾರೂ ಯೋಚಿಸುವುದಿಲ್ಲ. ಅದೊಂದು. ಇನ್ನೊಂದು ತಪ್ಪು ನನ್ನ ಕಸುಬಿನದು. “ಈ ದರಕ್ಕೆ ಒಳ್ಳೇದು ಬರುದಿಲ್ಲ” ಎಂದು ನನಗೆ ದಿನಕ್ಕೆ ಹತ್ತು ಜನ ಹೇಳುತ್ತಾರೆ. ಒಂಬತ್ತು ಸಲ ಅದು ದರ ಏರಿಸುವ ಮಾತು. ಚಾಚಾ ಹೇಳಿದ್ದು ಹತ್ತನೆಯದು. ನಿಜ ಹೇಳುವವನ ದನಿಯೂ ವ್ಯಾಪಾರ ಕುದುರಿಸುವವನ ದನಿಯೂ ನನ್ನ ಕಿವಿಗೆ ಒಂದೇ ಆಗಿಬಿಟ್ಟಿತ್ತು.

ಏಳರಲ್ಲಿ ಚೆಂದದ್ದನ್ನು ಮನೆಗೆ ಇಟ್ಟುಕೊಂಡೆ. ಮನೆಯಲ್ಲಿ ನಾನು, ಮಗಳು, ಆಗ ಮೂರು ತುಂಬಿದ್ದ ಮೊಮ್ಮಗಳು. ಅಳಿಯ ತದಡಿ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ಸಂಜೆ ಬಾವಿಯ ನೀರು ತುಂಬಿ ಇಡುವುದು ನನ್ನ ಕೆಲಸ. ಬೆಳಿಗ್ಗೆ ನಳ ತಿರುಗಿಸಿ ಮೊದಲ ಲೋಟವನ್ನು ಮೊಮ್ಮಗಳಿಗೆ ಕೊಡುವುದೂ ನಾನೇ. ಮೊದಲ ಲೋಟದಲ್ಲಿ ತಾಮ್ರದ ಸತ್ವ ಹೆಚ್ಚು, ಅದು ಮಗುವಿಗೇ ಹೋಗಲಿ ಎಂಬುದು ನನ್ನ ಲೆಕ್ಕ. ಅವಳು ಎರಡೂ ಕೈಯಲ್ಲಿ ಲೋಟ ಹಿಡಿದು, ಕುಡಿದು, “ಅಮ್ಮಮ್ಮ, ಖಾಲಿ!” ಎಂದು ಲೋಟವನ್ನು ತಲೆಯ ಮೇಲೆ ಬೋರಲು ಹಾಕಿ ತೋರಿಸುತ್ತಿದ್ದಳು. ನಾನೂ ಮಗಳೂ ಎದ್ದ ಕೂಡಲೇ ಚಹಾ ಕುಡಿಯುವವರು. ಚಹಾಕ್ಕೆ ಬಾವಿಯ ನೀರು ಸೀದಾ.

ಆ ಕೊಡ ಮನೆಗೆ ಬಂದು ಕೆಲವು ತಿಂಗಳಾದ ಮೇಲೆ ಮಗು ಊಟ ಬಿಡತೊಡಗಿತು. ಹೊಟ್ಟೆ ನೋವು ಎನ್ನುತ್ತಿತ್ತು. ಮೂರು ದಿನಕ್ಕೊಮ್ಮೆ ಹೊರಕಡೆಗೆ ಹೋಗುತ್ತಿತ್ತು. ಅಂಗಳದಲ್ಲಿ ಕೋಳಿಯ ಹಿಂದೆ ಓಡುತ್ತಿದ್ದವಳು ಮೆಟ್ಟಿಲ ಮೇಲೆ ಕೂತು ಕೋಳಿಯನ್ನು ನೋಡುತ್ತಿದ್ದಳು. ನಾನು ಓಮದ ನೀರು ಕುಡಿಸಿದೆ, ದೃಷ್ಟಿ ತೆಗೆದೆ. ಹುಳದ ಔಷಧಿ ಆಯಿತು. ರಕ್ತ ಕಡಿಮೆ ಎಂದು ಕೆಂಪು ಟಾನಿಕ್ ಕೊಟ್ಟರು. ಇಷ್ಟರ ನಡುವೆಯೂ ಬೆಳಗಿನ ಲೋಟ ಮಾತ್ರ ನಾನು ತಪ್ಪಿಸಲಿಲ್ಲ. ಸೊರಗಿದ್ದಾಳೆಂದು ಲೋಟವನ್ನು ದೊಡ್ಡದು ಮಾಡಿದೆ.

ಕೊನೆಗೆ ಕುಮಟಾದಲ್ಲಿ ಮಕ್ಕಳ ಡಾಕ್ಟರರೊಬ್ಬರು ಔಷಧಿ ಬರೆಯುವ ಬದಲು ಪ್ರಶ್ನೆ ಕೇಳಿದರು. ಮನೆಯ ಹಳೆ ಬಣ್ಣ ಕೆರೆದಿದ್ದೀರಾ? ಮಗುವಿನ ಕಣ್ಣಿಗೆ ಯಾವ ಕಾಡಿಗೆ? ಮನೆಯಲ್ಲಿ ಯಾರಾದರೂ ಬ್ಯಾಟರಿ ಕೆಲಸ ಮಾಡುತ್ತಾರಾ?

“ನನ್ನ ಯಜಮಾನ್ರು ಇಂಜಿನ್ ಕೆಲಸ. ಬ್ಯಾಟರಿನೂ ಮುಟ್ತಾರೆ” ಎಂದಳು ಮಗಳು.

ಮಗುವಿನ ರಕ್ತ ಮಂಗಳೂರಿನ ಲ್ಯಾಬಿಗೆ ಹೋಗಿ ಬಂತು. ರಕ್ತದಲ್ಲಿ ಸೀಸ ಇದೆ, ಇರಬಾರದಷ್ಟು ಇದೆ ಎಂದರು ಡಾಕ್ಟರು. ಮಕ್ಕಳ ಮೈ ದೊಡ್ಡವರ ಮೈಗಿಂತ ಬೇಗ ಅದನ್ನು ಹೀರುತ್ತದೆ, ರಕ್ತ ಕೆಡಿಸುತ್ತದೆ, ಬುದ್ಧಿಯ ಬೆಳವಣಿಗೆಗೂ ತೊಂದರೆ ಮಾಡಬಹುದು, ಅದು ಎಲ್ಲಿಂದ ಬರುತ್ತಿದೆಯೋ ಅಲ್ಲಿ ನಿಲ್ಲಿಸುವುದೇ ಮೊದಲ ಔಷಧಿ ಎಂದರು. ಬರುವ ಸಲ ಕುಡಿಯುವ ನೀರನ್ನೂ ಪರೀಕ್ಷೆಗೆ ತನ್ನಿ ಎಂದೂ ಸೇರಿಸಿದರು. ನಾನು ಬ್ಯಾಟರಿ ಎಂಬ ಮಾತೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಮನೆಗೆ ಬಂದೆ.

ಆ ವಾರ ಅಳಿಯ ಬಂದಾಗ ಅವನನ್ನು ಹೊಸ್ತಿಲಿನಲ್ಲೇ ನಿಲ್ಲಿಸಿದೆ.

“ನಿಮ್ಮ ಕೈಯಿಂದಲೇ ಮಗೂಗೆ ಇದೆಲ್ಲ ಬಂದದ್ದು. ಹಿತ್ತಲಿಗೆ ಹೋಗಿ, ಮಿಂದು, ಬಟ್ಟೆ ಬದ್ಲು ಮಾಡಿ ಒಳಗೆ ಬನ್ನಿ.”

“ಅತ್ತೆ, ನಾನು ತದಡಿಯಲ್ಲೇ ಮಿಂದು ಬಂದಿದ್ದೆ.”

“ಇನ್ನೊಂದು ಸಲ ಮಿಂದ್ರೆ ಎಂತ ಸವೆದು ಹೋಗ್ತೀರಾ?”

ಅವನು ಹಿತ್ತಲಿಗೆ ಹೋದ. ಮಗು “ಅಪ್ಪಾ” ಎಂದು ಓಡಿದರೆ ನಾನು ತೋಳು ಹಿಡಿದು ನಿಲ್ಲಿಸುತ್ತಿದ್ದೆ. ಆರು ವಾರ ಹೀಗೆ ನಡೆಯಿತು. ಅಷ್ಟು ದಿನವೂ ಅವನು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಮೊದಲು ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಅದನ್ನು ನಾನು ಕಂಡಿದ್ದೇನೆ. ಆಗ ನನಗೆ ಏನೂ ಅನ್ನಿಸಲಿಲ್ಲ, ಬುದ್ಧಿ ಬಂತಲ್ಲ ಎಂದುಕೊಂಡೆ.

ಎರಡನೆಯ ಪರೀಕ್ಷೆಯಲ್ಲಿ ಸೀಸ ಇಳಿದಿರಲಿಲ್ಲ, ಸ್ವಲ್ಪ ಏರಿತ್ತು. ಡಾಕ್ಟರು ನನ್ನ ಕಡೆ ತಿರುಗಿ, “ನೀರು ತಂದಿರಾ?” ಎಂದರು. ತಂದಿರಲಿಲ್ಲ. ಈ ಸಲ ಮಗಳು ನನ್ನನ್ನು ಕೇಳದೆ ತಾನೇ ಮೂರು ಬಾಟಲಿ ತುಂಬಿದಳು. ಒಂದರಲ್ಲಿ ಬಾವಿಯಿಂದ ಸೇದಿದ ನೀರು. ಇನ್ನೊಂದರಲ್ಲಿ ಕೊಡದ ಬಾಯಿಯಿಂದ ಸೌಟಿನಲ್ಲಿ ತೆಗೆದದ್ದು. ಮೂರನೆಯದರಲ್ಲಿ ಬೆಳಿಗ್ಗೆ ನಳ ತಿರುಗಿಸಿದ ಕೂಡಲೇ ಬಂದ ಮೊದಲ ನೀರು, ಅಂದರೆ ಮೊಮ್ಮಗಳ ಪಾಲಿನದು.

ಬಾವಿಯ ನೀರಿನಲ್ಲಿ ಸೀಸ ಸಿಗಲಿಲ್ಲ. ಸೌಟಿನ ನೀರಿನಲ್ಲಿ ಮಿತಿ ಮೀರಿತ್ತು. ಮೊದಲ ನೀರಿನ ಅಂಕಿ ಅದರ ಎಷ್ಟೋ ಪಟ್ಟು, ಅದನ್ನು ಲ್ಯಾಬಿನವನು ಫೋನಿನಲ್ಲಿ ಎರಡು ಸಲ ಓದಿ ಹೇಳಿದ. ಪಾತ್ರೆಗೆ ಬೆಸುಗೆ ಹಾಕಿಸಿದ್ದೀರಾ ಎಂದು ಕೇಳಿದ. ಹೌದೆಂದಾಗ, “ನಿಮ್ಮ ಕಡೆ ಕೆಂಪುಕಲ್ಲಿನ ನೆಲದ ಬಾವಿ ನೀರು ಸ್ವಲ್ಪ ಹುಳಿ ಇರ್ತದೆ ಅಮ್ಮ. ನಾಲಿಗೆಗೆ ಗೊತ್ತಾಗುವಂಥದ್ದಲ್ಲ. ರಾತ್ರಿಯಿಡೀ ನಿಂತರೆ ಅದು ಬೆಸುಗೆಯಿಂದ ಸೀಸ ಬಿಡಿಸ್ತದೆ” ಎಂದ.

ನೀರಿಗೆ ಎಂತ ಹುಳಿ ಹಿಂಡ್ತಾರಾ ಎಂದು ಕೇಳಿದ್ದೆನಲ್ಲ. ಉತ್ತರ ಬಂದಿತ್ತು.

ಮಗಳು ನನ್ನನ್ನು ಬೈಯಲಿಲ್ಲ. ಕೊಡ ಎತ್ತಿಕೊಂಡು ಹೋಗಿ ಹಿತ್ತಲಿನಲ್ಲಿ ಬೋರಲು ಹಾಕಿದಳು. “ಆಯಿ, ಬೆಸುಗೆ ಎಂತದ್ದು ಹೇಳಿ ನಿನಗೆ ಗೊತ್ತಿತ್ತಾ?” ಎಂದು ಒಂದೇ ಮಾತು ಕೇಳಿದಳು.

“ಗೊತ್ತಿತ್ತು” ಎಂದೆ.

ಆ ವಾರ ಅಳಿಯ ಅಭ್ಯಾಸದಂತೆ ಬಾಗಿಲಿಗೆ ಬರದೆ ಸೀದಾ ಹಿತ್ತಲಿಗೆ ನಡೆದ. ನಾನು ಹಿಂದೆ ಹೋಗಿ ವಿಷಯ ಹೇಳಿದೆ. ನನ್ನದು ತಪ್ಪಾಯಿತು ಎಂದೂ ಹೇಳಿದೆ. ಜೀವಮಾನದಲ್ಲಿ ಹೆಚ್ಚು ಸಲ ಆಡಿದ ಮಾತಲ್ಲವಾದ್ದರಿಂದ ನಾಲಿಗೆ ತಡವರಿಸಿತು. ಅವನು ಬೋರಲಾಗಿದ್ದ ಕೊಡವನ್ನು ನೋಡಿದ. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, “ಹಂಗಾದ್ರೆ ಇವತ್ತು ಮನೆ ಒಳಗಿನ ಬಚ್ಚಲಲ್ಲಿ ಮಿಂದ್ರೆ ಆತಾ ಅತ್ತೆ?” ಎಂದ. ನಗುತ್ತಲೇ ಹೇಳಿದ. ಆ ನಗು ನನಗೆ ಚುಚ್ಚಿದಷ್ಟು ಯಾವ ಬೈಗುಳವೂ ಚುಚ್ಚಿಲ್ಲ.

ಇನ್ನು ಮಾರಿದ ಆರು ಕೊಡಗಳು. ಎರಡು ಜಾಲಿಯ ಮನೆಗಳಿಗೆ, ಒಂದು ತೆಂಗಿನಗುಂಡಿಗೆ, ಎರಡು ಹೊನ್ನಾವರದಲ್ಲೇ, ಒಂದು ಕುಮಟಾ ಸಂತೆಯಲ್ಲಿ ಹೋಗಿತ್ತು. ಮರುದಿನದಿಂದ ಮನೆ ಮನೆ ತಿರುಗಿದೆ. ಕೊಂಡ ದರಕ್ಕಿಂತ ಹೆಚ್ಚು ಕೊಟ್ಟು ವಾಪಸು ಕೇಳಿದರೆ ಜನ ಸಂಶಯಪಟ್ಟರು. ತೆಂಗಿನಗುಂಡಿಯ ಅಜ್ಜಿಯಂತೂ, “ಒಳಗೆ ಬಂಗಾರ ಗಿಂಗಾರ ಇತ್ತಾ ಹೇಗೆ? ನೀನು ಸುಮ್ಮನೆ ಬಸ್ ಚಾರ್ಜು ಹಾಕು ಹೆಂಗಸಲ್ಲ” ಎಂದು ಕೊಡದೊಳಗೆ ಕೈ ಹಾಕಿ ತಡಕಿದಳು. ನಿಜ ಹೇಳಿದೆ. ಎಲ್ಲರಿಗೂ ನಿಜವನ್ನೇ ಹೇಳಿದೆ, ಮಕ್ಕಳಿದ್ದ ಮನೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ ಎಂದೂ ಹೇಳಿದೆ. ಇಬ್ಬರು ಮೊದಲು ಬಾಗಿಲು ಹಾಕಿಕೊಂಡರು, ಮತ್ತೆ ಮತ್ತೆ ಹೋಗಿ ತಟ್ಟಿದೆ. ಕೊನೆಗೆ ಐದು ಕೊಡ ಕೈಗೆ ಬಂದವು.

ಮನೆಯದೂ ಸೇರಿ ಆರನ್ನೂ ಚಾಚಾನ ಮುಂದೆ ಇಟ್ಟೆ. ಅವರು ಬೆಸುಗೆಯನ್ನು ಉಗುರಿನಿಂದ ಕೆರೆದು ನೋಡಿದರು.

“ನಾನು ಹೇಳಿದ್ದೆ ಅಲ್ಲಾ ಅಕ್ಕಾ?”

“ಹೇಳಿದ್ರಿ.”

“ನೀವು ನಕ್ಕಿದ್ರಿ.”

“ಹೌದು ಚಾಚಾ.”

ಖರೆ ತವರದಲ್ಲಿ ಮತ್ತೆ ಬೆಸೆದು ಕೊಡಲೇ ಎಂದು ಕೇಳಿದರು. ಹಳೆ ಬೆಸುಗೆ ಪೂರಾ ಹೋಗುತ್ತದೆಂದು ಆಣೆ ಮಾಡಿ ಹೇಳಬಹುದಾ ಎಂದೆ. ಇಲ್ಲವೆಂದು ತಲೆ ಅಲ್ಲಾಡಿಸಿದರು. ಹಾಗಾದರೆ ಬಡಿಯಿರಿ ಎಂದೆ. ಇನ್ನು ಯಾರೂ ನೀರು ತುಂಬದ ಹಾಗೆ ಆರನ್ನೂ ಬಡಿದು ಚಪ್ಪಟೆ ಮಾಡಿದರು. ಸುತ್ತಿಗೆ ಹಿಡಿದ ಅವರ ಕೈ ನಡುನಡುವೆ ಮಣಿಕಟ್ಟಿನಲ್ಲಿ ಜೋತು ಬೀಳುತ್ತಿತ್ತು. ಎಷ್ಟು ವರ್ಷ ಆ ಬೂದು ಕಡ್ಡಿಯ ಹೊಗೆ ಕುಡಿದಿದ್ದಾರೋ! ನಮ್ಮಂಥವರು ದರ ಇಳಿಸಿದಷ್ಟೂ ಅದೇ ಕಡ್ಡಿ ಹೆಚ್ಚು ಕರಗಿದ್ದು. ನೀವೂ ರಕ್ತ ತೋರಿಸಿ ಚಾಚಾ ಎಂದೆ. “ಈ ವಯಸ್ಸಲ್ಲಿ ಎಂತಕ್ಕೆ” ಎಂದರು. ಅಲ್ಲಿ ಮಾತ್ರ ನನ್ನ ಹಟ ಉಪಯೋಗಕ್ಕೆ ಬಂತು. ಮುಂದಿನ ವಾರ ಕರೆದುಕೊಂಡು ಹೋಗಿ ತೋರಿಸಿದೆ. ಈಗ ಅವರು ಸೀಸದ ಕಡ್ಡಿ ಕರಗಿಸುವುದನ್ನು ಬಿಟ್ಟಿದ್ದಾರೆ.

ಉಳಿದದ್ದು ಏಳನೆಯ ಕೊಡ.

ಕುಮಟಾ ಸಂತೆಯಲ್ಲಿ ಅದನ್ನು ಕೊಂಡವಳು ಸುಮಾರು ಐವತ್ತರ ಹೆಂಗಸು. ಮೂಗಿಗೆ ಕೆಂಪು ಹರಳಿನ ನತ್ತು, ಕೈಯಲ್ಲಿ ಹಸಿರು ಕೊಡೆ. ಸಂತೆಯಲ್ಲಿ ನನಗೆ ಸರಿಸಮ ಸಿಕ್ಕಿದ್ದೇ ಅಪರೂಪ, ಅದಕ್ಕೇ ಅಷ್ಟು ಚೆನ್ನಾಗಿ ನೆನಪಿದೆ. ಮೂರೂವರೆ ಸಾವಿರ ಎಂದಾಗ, “ಎಂತಾ, ಕೊಡದ ಸಂಗ್ತಿಗೆ ಬಾವಿನೂ ಬರ್ತದಾ?” ಎಂದಿದ್ದಳು.

“ಬಾವಿ ಬೇಕಾದ್ರೆ ನಾಲ್ಕು ಸಾವಿರ” ಎಂದೆ.

ಮೂರು ಸಲ ಹೋಗಿ ಮೂರು ಸಲ ತಿರುಗಿ ಬಂದಳು. ಕೊನೆಗೆ ದನಿ ತಗ್ಗಿಸಿ, “ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ. ಬಸುರಿಗೆ ತಾಮ್ರದ ನೀರು ಒಳ್ಳೇದಾ ಅಕ್ಕಾ?” ಎಂದು ಕೇಳಿದಳು.

“ಬಾಳ ಒಳ್ಳೇದು. ಬೆಳಿಗ್ಗೆ ಎದ್ದ ಕೂಡಲೇ ಮೊದಲ ಲೋಟ ಅವಳಿಗೇ ಕೊಡಿ” ಎಂದೆ.

ಕೇಳದವರಿಗೂ ಬುದ್ಧಿ ಹೇಳುವ ಚಟ ನನ್ನದು. ಅವತ್ತು ಕೇಳಿಯೇಬಿಟ್ಟಿದ್ದಳು. ಅವಳ ಹೆಸರು, ಊರು ಯಾವುದನ್ನೂ ನಾನು ವಿಚಾರಿಸಲಿಲ್ಲ. ಗೋಕರ್ಣದ ಬದಿಯ ಬಸ್ಸು ತಪ್ಪುತ್ತದೆ ಎಂದು ಓಡಿದ್ದಷ್ಟೇ ಗೊತ್ತು. ಮಳೆಗಾಲ ಮುಗಿದಾಗಿನಿಂದ ಪ್ರತಿ ಸಂತೆಗೂ ಹೋಗಿ ಅದೇ ಜಾಗದಲ್ಲಿ ಕೂರುತ್ತೇನೆ. ಹಸಿರು ಕೊಡೆ ಕಂಡರೆ ಅಂಗಡಿ ಬಿಟ್ಟು ಓಡುತ್ತೇನೆ. ಅಳಿಯ ತದಡಿಯಲ್ಲಿ ಮೀನು ಒಯ್ಯಲು ಬರುವ ಹೆಂಗಸರನ್ನೆಲ್ಲ ಕೇಳಿದ್ದಾನೆ. ನಾನು ಹಿತ್ತಲಿಗಟ್ಟಿದ ಅದೇ ಅಳಿಯ. ಆ ಹೆಂಗಸು ಇನ್ನೂ ಸಿಕ್ಕಿಲ್ಲ.

ಮೊಮ್ಮಗಳ ರಕ್ತದಲ್ಲಿ ಸೀಸ ಈಗ ಇಳಿದಿದೆ. ಉಣ್ಣುತ್ತಾಳೆ, ಕೋಳಿಯನ್ನು ಅಟ್ಟುತ್ತಾಳೆ. ಬಾಲವಾಡಿಯಲ್ಲಿ ಬೇರೆ ಮಕ್ಕಳು ಹೇಳುವ ಪದ್ಯ ಇವಳಿಗೆ ಅರ್ಧಕ್ಕೆ ಮರೆತುಹೋಗುತ್ತದೆ. ಇದು ಅದರಿಂದಲೇ ಬಂದದ್ದಾ ಎಂದು ಡಾಕ್ಟರರನ್ನು ಕೇಳಿದೆ. ಹೇಳಲಿಕ್ಕೆ ಬರುವುದಿಲ್ಲ ಎಂದರು. ಅಲ್ಲ ಎಂದು ಹೇಳಲಿಕ್ಕೆ ಬರುತ್ತದಾ ಎಂದೆ. ಅದೂ ಬರುವುದಿಲ್ಲ ಎಂದರು. ಆ ಒಂದು ಮಾತಿನಲ್ಲಿ ಚೌಕಾಸಿಗೆ ಜಾಗವಿಲ್ಲ.

ಈಗ ನಾನು ಹೇಳುವುದನ್ನು ಕೇಳಿ. ಈ ಸಲ ತಿಳಿದವರನ್ನು ವಿಚಾರಿಸಿಯೇ ಹೇಳುತ್ತಿದ್ದೇನೆ. ಕುಡಿಯುವ ನೀರಿನ ಪಾತ್ರೆಗೆ ಬೆಸುಗೆ ಬೇಡ. ನಳ ಬೇಕೇಬೇಕೆಂದರೆ ತಿರುಚಿ ಕೂರಿಸುವ ಸ್ಟೀಲಿನ ನಳ ಹಾಕಿಸಿ. ಅಗ್ಗದ ಹಿತ್ತಾಳೆ ನಳದಲ್ಲೂ ಸೀಸ ಇರುತ್ತದೆ. ಮನೆಗೆ ಪೈಪು ಕೊಳ್ಳುವಾಗ ‘ಸೀಸವಿಲ್ಲ’ ಎಂದು ಬರೆದದ್ದನ್ನೇ ಕೇಳಿ ತನ್ನಿ, ಅಲ್ಲಿ ನಾಲ್ಕು ಕಾಸು ಹೆಚ್ಚಾದರೆ ಆಗಲಿ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರನ್ನು ಬೆಳಿಗ್ಗೆ ಸ್ವಲ್ಪ ಹೊತ್ತು ಹರಿಯಬಿಡಿ. ಅದನ್ನು ಚೆಲ್ಲಬೇಕೆಂದಿಲ್ಲ, ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಿ. ಕುದಿಸಿದರೆ ಸೀಸ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಹೆಚ್ಚಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಫಿಲ್ಟರ್ ಕೊಳ್ಳುವುದಾದರೆ ಸೀಸ ತೆಗೆಯುತ್ತದೆಂದು ಬರೆದದ್ದನ್ನು ತೋರಿಸಲು ಅಂಗಡಿಯವನಿಗೆ ಹೇಳಿ, ಬಾಯಿಮಾತಿಗೆ ಒಪ್ಪಬೇಡಿ. ಸಂಶಯ ಬಂದರೆ ನಿಂತ ನೀರನ್ನೂ ಹರಿದ ನೀರನ್ನೂ ಬೇರೆ ಬೇರೆ ಬಾಟಲಿಯಲ್ಲಿ ಪರೀಕ್ಷೆಗೆ ಕೊಡಿ. ಮಗುವಿಗೆ ಹೊಟ್ಟೆನೋವು ಬಿಡದಿದ್ದರೆ ಪಾತ್ರೆಯ ವಿಷಯವನ್ನೂ ಡಾಕ್ಟರಿಗೆ ಹೇಳಿ. ಮತ್ತು ಕೆಲಸದವನು “ಈ ದರಕ್ಕೆ ಒಳ್ಳೇದು ಬರುದಿಲ್ಲ” ಎಂದರೆ, ಕುಡಿಯುವ ತಿನ್ನುವ ಪಾತ್ರೆಯ ಮಟ್ಟಿಗಾದರೂ, ಒಂದು ಸಲ ಬಾಯಿ ಮುಚ್ಚಿ ಕೇಳಿ.

ಕುಮಟಾ ಸಂತೆಯಲ್ಲಿ ಮಾತುಗಾತಿಯೊಬ್ಬಳಿಂದ ದಪ್ಪ ತಾಮ್ರದ ಕೊಡ ಕೊಂಡವರು ನೀವಾಗಿದ್ದರೆ, ಅಥವಾ ಅಂಥ ಕೊಡವನ್ನು ಯಾರ ಮನೆಯಲ್ಲಾದರೂ ಕಂಡಿದ್ದರೆ, ಗುರುತು ಹೇಳುತ್ತೇನೆ. ಕುತ್ತಿಗೆಯಲ್ಲಿ ಎರಡು ಗೆರೆ, ನಳದ ಹಿಡಿ ಎಲೆಯಾಕಾರ, ನಳದ ಬುಡದ ಸುತ್ತ ಬೂದು ಬೆಸುಗೆ. ಅದರ ನೀರನ್ನು ಇವತ್ತೇ ನಿಲ್ಲಿಸಿ. ತಾಯಿ, ಮಗು ಇಬ್ಬರ ರಕ್ತವನ್ನೂ ತೋರಿಸಿ, ಆ ಖರ್ಚು ನನ್ನದು. ಕೊಡವನ್ನು ಬೇರೆಯವರಿಗೆ ಮಾರಬೇಡಿ, ನನ್ನ ಅಂಗಡಿಗೆ ತನ್ನಿ. ನೀವು ಹೇಳಿದ ದರವೇ ದರ.